ಕೌದಿಯ ಹೊಟ್ಟೆ

ಪರದೇಶದಿಂದ ಬಂದವನಿಗೆ ಮೊದಲ ಎಂಟು ದಿನ ಚಹಾ, ಆಮೇಲೆ ಬರೀ ಪ್ರಶ್ನೆ. ಇದು ನಮ್ಮ ಬೈಲಹೊಂಗಲದ ಪದ್ಧತಿ. ಇಥಿಯೋಪಿಯಾದ ಗುಡ್ಡದ ಮೇಲಿನ ಒಂದು ಊರಿನಲ್ಲಿ ಏಳು ವರ್ಷ ಡ್ರಾಯಿಂಗ್ ಕಲಿಸಿ, ಅಲ್ಲಿ ಸರಕಾರ ಬದಲಾಗಿ ನಮ್ಮಂಥವರ ನೌಕರಿ ಅಲುಗಾಡತೊಡಗಿದಾಗ ನಾನು ಊರಿಗೆ ಮರಳಿದೆ. ಎಪ್ಪತ್ತರ ದಶಕದ ನಡುಭಾಗ. ವಾಚು ತಂದೆಯೇನು, ಟ್ರಾನ್ಸಿಸ್ಟರ್ ತಂದೆಯೇನು ಎಂದು ಓಣಿಗೆ ಓಣಿಯೇ ಕೇಳಿತು. ನಾನು ತಂದದ್ದು ಎರಡು ಟ್ರಂಕು. ಒಂದರಲ್ಲಿ ನನ್ನ ಅರಿವೆ. ಇನ್ನೊಂದರಲ್ಲಿ ಕಾಫಿ ಚೀಲದ ತುಂಡು, ಮರದ ತೊಗಟೆ, ಬಡಿದು ಚಪ್ಪಟೆ ಮಾಡಿದ ಡಬ್ಬಿಯ ತಗಡು, ಬಣ್ಣದ ನೂಲು. ಅವ್ವ ಎರಡನೆಯ ಟ್ರಂಕು ತೆರೆದು ನೋಡಿ, ಮುಚ್ಚಿ, ಹಿತ್ತಲಿನ ಕಟ್ಟಿಗೆ ಕೋಣೆಯಲ್ಲಿ ಇಡಿಸಿದಳು. ನನ್ನ ಏಳು ವರ್ಷದ ಗಳಿಕೆ ಸಗಣಿ ಕುಳ್ಳಿನ ಮಗ್ಗುಲಿಗೆ ಹೋಯಿತು.

ಆ ಟ್ರಂಕಿನ ಕಥೆ ಹೇಳಬೇಕು. ಅಲ್ಲಿ ನನಗೆ ಸಿಕ್ಕ ಶಾಲೆಯಲ್ಲಿ ಕಾಗದಕ್ಕೇ ಬರ, ಬಣ್ಣದ ಮಾತು ದೂರ. ಮೊದಲ ವರ್ಷವೆಲ್ಲ ಅರ್ಜಿ ಬರೆದು ಬರೆದು ಬೇಸತ್ತು, ನಿಮ್ಮ ಮನೆಯಲ್ಲಿ ಬೇಡವಾದದ್ದು ಏನಿದೆಯೋ ಅದನ್ನೇ ತನ್ನಿ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ. ಹರಿದ ಚೀಲ, ಕೋಳಿಪುಕ್ಕ, ಚರ್ಮದ ಚೂರು, ಸುಟ್ಟ ಮಣ್ಣು ಬಂದವು. ಅವನ್ನೇ ಹಲಗೆಗೆ ಅಂಟಿಸಿ, ಹೊಲಿದು, ಮೊಳೆ ಹೊಡೆದು ಚಿತ್ರ ಮಾಡಿದೆವು. ಕಲಿಸಿದ್ದಕ್ಕಿಂತ ಕಲಿತದ್ದೇ ಹೆಚ್ಚು ಎಂದು ಈಗ ದೊಡ್ಡ ಮಾತು ಆಡಬಹುದು. ಆಗ ನನಗೆ ಬೇರೆ ದಾರಿ ಇರಲಿಲ್ಲ, ಅಷ್ಟೆ. ಒಮ್ಮೆ ಶಾಲೆ ನೋಡಲು ಬಂದ ಬಿಳಿಯ ಸಾಹೇಬನೊಬ್ಬ ನನ್ನ ಹಲಗೆಗಳ ಮುಂದೆ ಬಹಳ ಹೊತ್ತು ನಿಂತು, ಇದಕ್ಕೆ ಮಿಕ್ಸ್ಡ್ ಮೀಡಿಯಾ ಎನ್ನುತ್ತಾರೆ, ನೀನು ಬರೀ ಮಾಸ್ತರನಲ್ಲ, ಕಲಾವಿದ ಎಂದ. ಆ ಮಾತು ನನ್ನ ತಲೆಗೇರಿತು. ಅದನ್ನು ಇಳಿಸಲು ಯರಗಟ್ಟಿಯ ಒಬ್ಬ ಹೆಂಗಸು ಬೇಕಾದಳು.

ಬೈಲಹೊಂಗಲದಲ್ಲಿ ನಾನು ಈ ಹೊಸ ಹೆಸರನ್ನು ಹೇಳಿದಾಗ ಎದುರು ಮನೆಯ ಕಾಕಾ, "ಮಿಕ್ಸ್ ಅಂದ್ರ ಚಿವಡಾ ಇದ್ದಂಗೇನೋ?" ಎಂದು ಕೇಳಿದರು. ಅಂದಿನಿಂದ ಓಣಿಯಲ್ಲಿ ನಾನು ಚಿವಡಾ ಮಾಸ್ತರ. ಚಿತ್ರ ಬರೆಯುವವನು ಬಂದಿದ್ದಾನೆಂದು ಸುದ್ದಿಯಾಗಿ ಕೆಲಸಗಳೂ ಬಂದವು, ಎಂಥೆಂಥವು! ದಲಾಲಿ ಅಂಗಡಿಯವರಿಗೆ ಚೀಲದ ಮೇಲೆ ದಪ್ಪ ಅಕ್ಷರ ಬೇಕು. ಮದುವೆಯವರಿಗೆ ಬಾಗಿಲ ಮೇಲೆ ಸುಸ್ವಾಗತ ಬೇಕು. ಒಬ್ಬರು ತೀರಿಹೋದ ತಮ್ಮ ಮಾವನ ಹೆಬ್ಬೆರಳಷ್ಟು ಫೋಟೋ ತಂದು, ಇದನ್ನು ಬಾಗಿಲಷ್ಟು ದೊಡ್ಡದು ಮಾಡಿ, ಫೋಟೋದಲ್ಲಿಲ್ಲದ ರುಮಾಲನ್ನೂ ಸುತ್ತಿಸು ಎಂದರು. ನಾನು ಇಂಥವನ್ನೆಲ್ಲ ಮಾಡುವುದಿಲ್ಲ ಎಂದದ್ದಕ್ಕೆ, ಮಾಡಲು ಬರುವುದಿಲ್ಲ ಎಂದು ಊರು ಅರ್ಥ ಮಾಡಿಕೊಂಡಿತು. ನನಗೆ ಸಿಟ್ಟು ಬರುತ್ತಿತ್ತು. ಊಟದ ಎಲೆಯ ಮುಂದೆ ಕೂತಾಗಲೂ ಬರುತ್ತಿತ್ತು.

ನಮ್ಮದು ಪೌರೋಹಿತ್ಯದ ಮನೆ. ಅಪ್ಪ ತೀರಿದ ಮೇಲೆ ಅವ್ವ ಮಡಿಯನ್ನು ಇನ್ನಷ್ಟು ಬಿಗಿ ಮಾಡಿದ್ದಳು. ನಾನು ಕುಂಚ ಹಿಡಿದದ್ದನ್ನೇ ಆಕೆ ಪೂರ್ತಿ ಕ್ಷಮಿಸಿರಲಿಲ್ಲ. ಈಗ ಚಿಂದಿ ಹಿಡಿದಿದ್ದೆ. ಕಟ್ಟಿಗೆ ಕೋಣೆಯಲ್ಲಿ ಕೂತು ಗೋಣಿತಟ್ಟು, ಹತ್ತಿಯ ಒಣ ಕಾಯಿ, ಜೋಳದ ದಂಟಿನ ಒಣ ರವದಿ ಸೇರಿಸಿ ಮೊದಲ ಚಿತ್ರ ಮಾಡಿದೆ. ಒಳ್ಳೆಯ ಗೋಂದು ಸಿಗದೆ ಹಿಟ್ಟಿನ ಅಂಟು ಹಚ್ಚಿದ್ದೆ. ಮೂರನೆಯ ದಿನ ನೋಡುತ್ತೇನೆ, ಇಲಿಗಳು ಅರ್ಧ ಚಿತ್ರ ತಿಂದಿದ್ದವು. ಅವ್ವ ಬಾಗಿಲಲ್ಲಿ ನಿಂತು, ನಿನ್ನ ಚಿತ್ರ ಯಾರಿಗಾದರೂ ರುಚಿಸಿತಲ್ಲ ಎಂದಳು. ಈ ಇಲಿಗಳನ್ನು ನೆನಪಿಡಿ, ಮುಂದೆ ನಾನು ಅವುಗಳ ಹಿಂದೆ ಅಡಗಲಿದ್ದೇನೆ.

ಕೆಲವು ತಿಂಗಳ ಮೇಲೆ ಯರಗಟ್ಟಿಯ ಒಂದು ಶಾಲೆಯಲ್ಲಿ ಹಂಗಾಮಿ ಕೆಲಸ ಸಿಕ್ಕಿತು. ದಿನಾ ಬಸ್ಸು. ಹುಣ್ಣಿಮೆ ಬಂತೆಂದರೆ ಸವದತ್ತಿಯ ಗುಡ್ಡಕ್ಕೆ ಹೋಗುವ ಜನ ಬಸ್ಸಿನ ಕಿಟಕಿಯಿಂದಲೂ ಏರುತ್ತಿದ್ದರು. ನಾನು ಒಂಟಿಗಾಲಲ್ಲಿ ನಿಂತು ಕಲೆಯ ಬಗ್ಗೆ ಯೋಚಿಸುತ್ತಿದ್ದೆ. ಶಾಲೆಯಲ್ಲಿ ಡ್ರಾಯಿಂಗ್ ತಾಸು ಎಂದರೆ ಗಣಿತದವರು ಎರವಲು ಪಡೆಯುವ ತಾಸು. ಉಳಿದ ದಿನ ಕರಿಹಲಗೆಯ ಮೇಲೆ ಮಾವಿನಹಣ್ಣು ಬರೆಯಬೇಕು, ಎಲ್ಲರೂ ಅದನ್ನೇ ಬರೆಯಬೇಕು. ಗೋಣಿಚೀಲ ತನ್ನಿ ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಪಾಲಕರು ದೂರು ಕೊಟ್ಟರು, ಮಕ್ಕಳನ್ನು ಹಮಾಲರನ್ನಾಗಿ ಮಾಡುತ್ತೀರೇನು ಎಂದು.

ಅಂಥ ಒಂದು ದಿನ ಸಂಜೆಯ ಬಸ್ಸು ತಪ್ಪಿತು. ಸ್ಟ್ಯಾಂಡಿನ ಹಿಂದೆ ಅಡ್ಡಾಡುತ್ತ ಹೋದೆ. ಒಂದು ಮೋಟು ಗೋಡೆಯ ಮೇಲೆ ಕೌದಿ ಒಣಹಾಕಿದ್ದರು. ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನು ಪದರು ಪದರಾಗಿ ಇಟ್ಟು ಹೊಲಿದ ನಮ್ಮ ಕಡೆಯ ಹೊದಿಕೆ. ಹಸಿರು ಇಳಕಲ್ಲಿನ ದಡಿ, ಅದರ ಪಕ್ಕ ಮಾಸಿದ ಬಿಳಿ, ನಡುವೆ ಎಲ್ಲಿಂದಲೋ ಬಂದ ಒಂದೇ ಒಂದು ಖಾಕಿ ತುಂಡು. ಮೇಲೆಲ್ಲ ನೇಗಿಲ ಸಾಲಿನ ಹಾಗೆ ಹೊಲಿಗೆ. ಆ ಖಾಕಿಯನ್ನು ಅಲ್ಲಿಡುವ ಧೈರ್ಯ ನನಗೆ ಇರುತ್ತಿರಲಿಲ್ಲ. ಸಮುದ್ರ ದಾಟಿ ಏಳು ವರ್ಷ ನಾನು ಕಲಿತುಬಂದದ್ದರ ಮೇಲೆ ಇಲ್ಲಿ ಒಂದು ಕಾಗೆ ಕುಳಿತಿತ್ತು. ನಮ್ಮ ಮನೆಯಲ್ಲೂ ಕೌದಿಗಳಿದ್ದವು, ನಾನು ಹುಟ್ಟಿದಾಗಿನಿಂದ ಅವುಗಳ ಕೆಳಗೇ ಮಲಗಿದವನು. ಹೊದ್ದುಕೊಂಡದ್ದನ್ನು ಯಾರು ನೋಡುತ್ತಾರೆ?

ಕೌದಿಯ ಒಡತಿ ಹೊರಗೆ ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು, ಬಾಯಿತುಂಬ ಎಲೆ ಅಡಿಕೆ. ನಾನು ಪಂಚಾಯತಿಯಿಂದ ಬಂದವನೆಂದು ತಿಳಿದು, ಗೋಡೆ ನಮ್ಮದಲ್ಲ, ಕೌದಿಯಷ್ಟೇ ನಮ್ಮದು ಎಂದು ಮೊದಲೇ ಹೇಳಿಬಿಟ್ಟಳು. ನಾನು, "ಬಾಯಾರ, ಇದನ್ನ ನೀವು ಹೊಲದೀರೇನು?" ಎಂದೆ. ಆಕೆ ತಿರುಗಿ ತನ್ನ ಹಿಂದೆ ನೋಡಿದಳು. ಬಾಯಾರ, ನೀವು ಎಂದು ನಾನು ಯಾರಿಗೆ ಹೇಳಿದೆ ಎಂದು ಆಕೆಗೆ ತಿಳಿದಿರಲಿಲ್ಲ. ನಮ್ಮಂಥವರು ಆ ಕೇರಿಯ ಹೆಂಗಸರನ್ನು ಹಾಗೆ ಕರೆದದ್ದನ್ನು ಆಕೆ ಕೇಳಿರಲೇ ಇಲ್ಲವಂತೆ. ನನ್ನ ಜುಟ್ಟಿಲ್ಲದ ತಲೆಯನ್ನೂ ಅಂಗಿಯೊಳಗಿನಿಂದ ಇಣುಕುವ ಜನಿವಾರವನ್ನೂ ನೋಡಿ, ಈತ ಹುಚ್ಚನೋ ಓಟು ಕೇಳಲು ಬಂದವನೋ ಎಂದುಕೊಂಡೆ ಎಂದು ಆಮೇಲೆ ಹೇಳಿದಳು.

ಅದು ಬೌದ್ಧರಾದ ಹತ್ತು ಹನ್ನೆರಡು ಮನೆಗಳ ಕೇರಿ. ಆಕೆಯ ಮನೆಯ ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು. ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಹೋಗುತ್ತಿದ್ದ. ನಾನು ರವಿವಾರಕ್ಕೊಮ್ಮೆ ಹೋಗತೊಡಗಿದೆ. ಮೊದಲ ತಿಂಗಳು ಕೇರಿಯವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಆಕೆ, ಆಕೆಯ ನಾದಿನಿ, ಪಕ್ಕದ ಮನೆಯ ಇನ್ನೊಬ್ಬಾಕೆ ಮೂವರೂ ಕೌದಿಯ ಸುತ್ತ ಕೂತು ಅಂಚಿನಿಂದ ಹೊಲಿಯುತ್ತ, ಸುತ್ತು ಸುತ್ತಾಗಿ ನಡುವಿಗೆ ಬರುತ್ತಿದ್ದರು. ನನಗೂ ಒಂದು ಸೂಜಿ ಕೊಟ್ಟರು. ನಾನು ಹಾಕಿದ ಹೊಲಿಗೆಯನ್ನು, ನಾನು ಬಸ್ಸು ಹತ್ತಿದ ಮೇಲೆ ಬಿಚ್ಚಿ ಮತ್ತೆ ಹಾಕುತ್ತಿದ್ದರೆಂದು ಬಹಳ ದಿನ ಗೊತ್ತಾಗಲಿಲ್ಲ. ಬಣ್ಣಗಳ ಬಗ್ಗೆ ನಾನು ಪಾಠ ಹೇಳಹೋಗಿ, ಕೆಂಪಿನ ಪಕ್ಕ ಹಸಿರು ಬಂದರೆ ಹೇಗೆ ಎಂದು ಶುರು ಮಾಡಿದರೆ, ಆಕೆ ದಾರ ಕಡಿಯುತ್ತ, ಹಸಿರು ಅತ್ತೆಯ ಸೀರೆ, ಕೆಂಪು ಸೊಸೆಯ ಸೀರೆ, ಬಾಜೂಕ ಕೂತರೆ ಜಗಳ ಆಡಲಿ ಬಿಡಿ ಎಂದಳು. ನಾನು ಮತ್ತೆ ಸೂಜಿ ಹಿಡಿದೆ. ಬಹಳ ದಿನಗಳ ಮೇಲೆ ಮೊದಲ ಬಾರಿ ನನ್ನ ಸಿಟ್ಟು ಕಡಿಮೆಯಾಗಿತ್ತು.

ಆಗಲೇ ಬೆಳಗಾವಿಯಲ್ಲಿ ಒಂದು ಕಲಾ ಪ್ರದರ್ಶನ ನಡೆಯುವ ಸುದ್ದಿ ಬಂತು. ಆಕೆಯ ಕೈಯಲ್ಲಿ ಒಂದು ದೊಡ್ಡ ಕೌದಿ ಅರ್ಧ ಆಗಿತ್ತು. ಅದು ಆಕೆಯ ಮಗಳಿಗಾಗಿ. ರಾಮದುರ್ಗದ ಕಡೆ ಕೊಟ್ಟ ಮಗಳು ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಳು; ಮೊದಲನೆಯ ಕೂಸು ಹಾಲು ಹಿಡಿಯದೆ ತಿಂಗಳೊಳಗೆ ಹೋಗಿತ್ತು. ಈ ಸಲದ ಕೂಸಿಗೆ ಹಾಸಲು, ಒಂಬತ್ತು ಮಕ್ಕಳನ್ನು ಹೆತ್ತು ಒಂಬತ್ತನ್ನೂ ಉಳಿಸಿಕೊಂಡ ತನ್ನ ಅತ್ತೆಯ ಸೀರೆಯನ್ನು ಆಕೆ ಪೆಟ್ಟಿಗೆಯಿಂದ ತೆಗೆದಿದ್ದಳು. ಆ ಕೌದಿಯನ್ನು ನಾನು ಕೇಳಿದೆ. ಎಂಟೇ ದಿನ, ಹೆರಿಗೆಗೆ ಇನ್ನೂ ಎರಡು ತಿಂಗಳಿದೆ, ಇದ್ದದ್ದು ಇದ್ದ ಹಾಗೆ ತಂದುಕೊಡುತ್ತೇನೆ, ಮೂವರ ಹೆಸರನ್ನೂ ಬರೆಸುತ್ತೇನೆ ಎಂದೆ. ಆಕೆ ಎರಡು ವಾರ ಕಾಯಿಸಿದಳು. ಕಡೆಗೆ ಒಪ್ಪಿದಳು, ಬೆಳಗಾವಿಯವರೂ ನಮ್ಮ ಕೈ ನೋಡಲಿ ಎಂದು.

ಇದ್ದದ್ದು ಇದ್ದ ಹಾಗೆ. ಈ ಮಾತನ್ನು ನಾನೇ ಆಡಿದ್ದು.

ಕೌದಿ ಮುಗಿದ ದಿನ ನಾನು ಪರೀಕ್ಷೆಯ ಕೆಲಸದಲ್ಲಿ ಸಿಕ್ಕಿಕೊಂಡಿದ್ದೆ. ಮಡಿಚಿ ಇಟ್ಟದ್ದನ್ನು ಮರುದಿನ ಎತ್ತಿಕೊಂಡು ಬೈಲಹೊಂಗಲಕ್ಕೆ ತಂದೆ. ಪ್ರದರ್ಶನಕ್ಕೆ ಚೌಕಟ್ಟು ಬೇಕೆಂದು ಬಡಗಿಯಿಂದ ಮಾಡಿಸಿ, ಕೌದಿಯನ್ನು ಎಳೆದು ಬಿಗಿದು ಮೊಳೆ ಹೊಡೆದೆ. ದೂರ ನಿಂತು ನೋಡಿದರೆ ನಡುಮಧ್ಯದಲ್ಲಿ ಅಂಗೈಯಗಲ ಒಂದು ಉಬ್ಬು. ಉಳಿದದ್ದೆಲ್ಲ ಸಪಾಟು, ಅಲ್ಲೊಂದು ಗಂಟು. ನನಗೆ ತಡೆಯಲಾಗಲಿಲ್ಲ. ಬ್ಲೇಡಿನಿಂದ ನಾಲ್ಕು ಬೆರಳಷ್ಟು ಹೊಲಿಗೆ ಬಿಚ್ಚಿ ಒಳಗೆ ಕೈಹಾಕಿದೆ. ಒಣಗಿದ ಹೋಳಿಗೆಯ ಒಂದು ತುಂಡು ಬಂತು. ಹೊಲಿಯುತ್ತ ತಿನ್ನುತ್ತಿದ್ದವರು ಮರೆತು ಒಳಗೇ ಸೇರಿಸಿದ್ದಾರೆ ಎಂದುಕೊಂಡು ಮನಸ್ಸಿನಲ್ಲೇ ಬೈದೆ. ಇದನ್ನು ಹೀಗೇ ತೂಗಹಾಕಿದ್ದರೆ ಇಲಿಗಳಿಗೆ ಹಬ್ಬವಾಗುತ್ತಿತ್ತು ಎಂದುಕೊಂಡೆ.

ಅವ್ವ ಹಿತ್ತಲ ಬಾಗಿಲಲ್ಲಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿ, ಯಾರ ಮನೆಯದು ಎಂದು ಕೇಳಿದಳು. ಯರಗಟ್ಟಿಯ ಕೇರಿಯದು ಎಂದೆ. ಹೊರಗೆ ಒಗೆದು ಕೈ ತೊಳೆದುಕೋ ಎಂದಳು. ನಾನು ಹೊರಗೆ ಒಗೆದೆ. ಕೈ ತೊಳೆದುಕೊಂಡೆ, ಅದೂ ಸಾಬೂನು ಹಚ್ಚಿ. ಆ ಗುಡ್ಡದ ಊರಿನಲ್ಲಿ ಏಳು ವರ್ಷ ಜೊತೆಯ ಮಾಸ್ತರರೊಡನೆ ಒಂದೇ ತಾಟಿನಲ್ಲಿ ಕೈಹಾಕಿ ಉಂಡವನು ನಾನು. ಊರಿಗೆ ಬಂದ ಕೈಗೆ ಊರಿನ ಚಾಳಿ ನೆನಪಿತ್ತು. ಆಮೇಲೆ ಬಿಚ್ಚಿದ್ದನ್ನು ನಾನೇ ಹೊಲಿದೆ, ನೀಟಾಗಿ, ಗುರುತು ಸಿಗದ ಹಾಗೆ.

ಬೆಳಗಾವಿಯಲ್ಲಿ ಜನ ಮೆಚ್ಚಿದರು. ಹಾಗೆ ಹೇಳಲು ನನಗೆ ಇವತ್ತಿಗೂ ಮುಜುಗರ. ವ್ಯವಸ್ಥೆ ನೋಡುತ್ತಿದ್ದವರು ಚೀಟಿಯ ಮೇಲೆ ನನ್ನೊಬ್ಬನ ಹೆಸರು ಬರೆದಿದ್ದರು. ಮೂವರ ಹೆಸರು ಕೊಟ್ಟಿದ್ದೆ, ಚೀಟಿಯಲ್ಲಿ ಜಾಗ ಸಾಲಲಿಲ್ಲ ಎಂದರು. ನಾನು ಒಂದು ಸಲ ಗೊಣಗಿ ಬಿಟ್ಟೆ. ಜಗಳವಾಡಬಹುದಿತ್ತು, ಸುಸ್ವಾಗತ ಬರೆಸುವವರ ಜೊತೆ ಅಷ್ಟು ಜಗಳವಾಡಿದವನು ಇಲ್ಲಿ ಯಾಕೆ ಬಾಯಿ ಮುಚ್ಚಿಕೊಂಡೆನೆಂದು ನನಗೆ ಚೆನ್ನಾಗಿ ಗೊತ್ತಿದೆ. ಎಲ್ಲರೂ ನನ್ನನ್ನು ಕಲಾವಿದರು ಎಂದು ಕರೆಯುತ್ತಿದ್ದರು. ಚಿವಡಾ ಎಂದು ಯಾರೂ ಅನ್ನುತ್ತಿರಲಿಲ್ಲ.

ನಾಲ್ಕನೆಯ ದಿನ ಆ ಮೂವರೂ ಬಂದರು. ತೊಳೆದ ಸೀರೆ ಉಟ್ಟು, ಯರಗಟ್ಟಿಯಿಂದ ಬಸ್ಸಿನಲ್ಲಿ, ನಾನು ಕರೆಯದೆಯೇ. ನಾದಿನಿ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಆಕೆ ಚೀಟಿಯ ಮೇಲೆ ಬೆರಳಿಟ್ಟು ಓದಿ, ಒಮ್ಮೆ ನನ್ನನ್ನೂ ಒಮ್ಮೆ ಅತ್ತಿಗೆಯನ್ನೂ ನೋಡಿದಳು. ಅತ್ತಿಗೆಯ ಲಕ್ಷ್ಯ ಅಲ್ಲಿರಲಿಲ್ಲ.

"ಹಲಗಿಗೆ ತೊಗಲ ಬಿಗದಂಗ ಬಿಗದೀರಿ," ಎಂದಳು. "ಹಲಗಿ ಬಡಿಯೂದು ಬಿಟ್ಟು ನಮಗ ಇಪ್ಪತ್ತ ವರ್ಷ ಆತು."

ನಾನು ಏನೋ ಹೇಳಹೊರಟೆ. ಆಕೆ ಹತ್ತಿರ ಹೋಗಿ, ಮುಟ್ಟಬೇಡಿ ಎಂಬ ಬೋರ್ಡಿನ ಪಕ್ಕದಲ್ಲೇ, ಅಂಗೈಯಿಂದ ಕೌದಿಯ ನಡುವನ್ನು ಒತ್ತಿದಳು. ಮತ್ತೆ ಒತ್ತಿದಳು. ಬಸುರಿಯ ಹೊಟ್ಟೆ ಮುಟ್ಟಿ ನೋಡುವ ಹಾಗೆ ಮೆಲ್ಲಗೆ.

"ಹೊಟ್ಟಿ ಯಾರು ತಗದ್ರು?"

ನಾನು ಉಬ್ಬಿನ ಬಗ್ಗೆ ಹೇಳಿದೆ. ಇಲಿಗಳ ಬಗ್ಗೆ ಹೇಳಿದೆ, ನನ್ನ ಮೊದಲ ಚಿತ್ರ ಇಲಿಗಳ ಪಾಲಾದ ಕಥೆಯನ್ನೂ ಹೇಳಿದೆ. ಆಕೆ ಪೂರ್ತಿ ಕೇಳಿದಳು. ಆಗ ನಾದಿನಿಯೇ ನನಗೆ ತಿಳಿಸಿ ಹೇಳಿದಳು: ಕೌದಿಯ ಹೊಲಿಗೆ ನಡುವಿಗೆ ಬಂದಾಗ ಅಂಗೈಯಷ್ಟು ಜಾಗ ಬಿಟ್ಟು, ಅದರಲ್ಲಿ ಹೋಳಿಗೆಯನ್ನೋ ರೊಟ್ಟಿಯನ್ನೋ ಇಟ್ಟು ಮುಚ್ಚುತ್ತಾರೆ. ಅದು ಕೌದಿಯ ಹೊಟ್ಟೆ. ಹಸಿದ ಕೌದಿಯನ್ನು ಹೊದ್ದವರು ಹಸಿದಿರುತ್ತಾರೆ. ಹಾಲು ಹಿಡಿಯದೆ ಹೋದ ಕೂಸಿನ ತಾಯಿ, ಮನೆಯಲ್ಲಿ ಕೂತು, ತಾನೇ ಕೈಯಾರೆ ಮಾಡಿದ ಹೋಳಿಗೆಯಂತೆ ಅದು.

"ಎಲ್ಲಿಟ್ಟೀರಿ ಅದನ್ನ?" ಎಂದಳು ಆಕೆ.

"ಹೊರಗ ಒಗದೆ."

"ಒಗದು ಕೈ ತೊಳಕೊಂಡ್ರೇನು?"

ಸುಳ್ಳು ಹೇಳಲು ನನಗೆ ಬೇಕಾದಷ್ಟು ಹೊತ್ತು ಇತ್ತು. ಆದರೂ ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿದೆ. ಆಕೆ ಸೆರಗು ಸರಿಮಾಡಿಕೊಂಡು ಇಬ್ಬರನ್ನೂ ಕರೆದುಕೊಂಡು ಹೊರಟುಹೋದಳು. ಅವರಿಗೆ ಚಹಾ ಕುಡಿಸಬೇಕೆಂಬುದು ನನಗೆ ಹೊಳೆದದ್ದು ಅವರ ಬಸ್ಸು ಹೋದ ಮೇಲೆ.

ನಾಲ್ಕು ದಿನ ಉಳಿದಿದ್ದರೂ ಅಂದೇ ಮೊಳೆ ಕಿತ್ತು ಕೌದಿ ಬಿಡಿಸಿದೆ. ವ್ಯವಸ್ಥೆಯವರು ಸಿಟ್ಟಾದರು, ಆಗಲಿ. ಮರುದಿನ ಯರಗಟ್ಟಿಗೆ ಹೊತ್ತುಕೊಂಡು ಹೋದರೆ ಆಕೆ ಹೊಸ್ತಿಲು ದಾಟಿಸಲಿಲ್ಲ. ಹಸಿದ ಕೌದಿ ಮನೆಯಲ್ಲಿ ಬೇಡ ಎಂದಳು. ಒಳಗೆ ಮಗಳು ಗೋಡೆಗೆ ಆನಿಕೊಂಡು ಕೂತಿದ್ದಳು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು. ನನ್ನತ್ತ ಒಮ್ಮೆಯೂ ನೋಡಲಿಲ್ಲ. ಇನ್ನೊಂದು ಹೋಳಿಗೆ ಇಟ್ಟು ಹೊಲಿದರೆ ಆಗುವುದಿಲ್ಲವೇ ಎಂದು ಕೇಳಿದೆ. ಆಗುವುದಿಲ್ಲ. ನನಗೆ ರೇಗಿತು. ತಪ್ಪು ಮಾಡಿದವನಿಗೆ ಸಿಟ್ಟು ಬೇಗ ಬರುತ್ತದೆ. ದೇವರನ್ನೆಲ್ಲ ಬಿಟ್ಟವರು ನೀವು, ಇದೆಂಥ ನಂಬಿಕೆ ಎಂದುಬಿಟ್ಟೆ.

"ದೇವರ ಬಿಟ್ಟೀವಿ," ಎಂದಳು ಆಕೆ. "ಹೊಟ್ಟಿ ಬಿಡಾಕ ಬರತೈತೇನ್ರಿ?" ಕೌದಿಯತ್ತ ಕೈಮಾಡಿ ಮತ್ತೆ ಹೇಳಿದಳು. "ತುಂಬಿದಾಕಿ ನಾನು, ತಗದವರು ನೀವು. ತಗದ ಕೈಲೆ ತುಂಬ್ರಿ. ನಿಮ್ಮ ಒಲಿ ಮ್ಯಾಲಿಂದು ತರ್ರಿ. ಮತ್ತ ನೀವಽ ಮಾಡಿದ್ದಿರಬೇಕು."

ಸಂಜೆ ಮನೆಗೆ ಬಂದು ಅವ್ವನ ಮುಂದೆ ಎಲ್ಲವನ್ನೂ ಹೇಳಿದೆ. ಕೌದಿಯ ಹೊಟ್ಟೆಯ ವಿಷಯವನ್ನು, ದೊಡ್ಡದೇನನ್ನೋ ಕಂಡುಹಿಡಿದು ಬಂದವನ ಹಾಗೆ ವಿವರಿಸಿದೆ. ಅವ್ವ ಹೂಬತ್ತಿ ಹೊಸೆಯುತ್ತಿದ್ದಳು.

"ಗೊತ್ತದ," ಎಂದಳು. "ನಮ್ಮ ಕಟ್ಟಿ ಮ್ಯಾಲೆ ಕೌದಿ ಹೊಲ್ಯಾವರು ಬಂದಾಗ ನಡುವ ಇಡ್ಲಿಕ್ಕೆ ಹೋಳಿಗಿ ನಾನಽ ಕೊಡತಿದ್ದೆ. ನೀ ಹೊದ್ದು ಮಲಗಿದ ಕೌದಿಯೊಳಗ ಎಲ್ಲಾ ಅದ."

ಹಾಗಾದರೆ ಅವತ್ತು ಹಿತ್ತಲಲ್ಲಿ ಆ ಹೋಳಿಗೆ ಏನೆಂದು ಆಕೆಗೆ ಗೊತ್ತಿತ್ತು. ಗೊತ್ತಿದ್ದೂ ಒಗೆ ಎಂದಿದ್ದಳು. ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. "ನೀ ಕೇಳಿದಿ ಏನು?" ಎಂದಳು ಅವ್ವ. ಆಮೇಲೆ ಬತ್ತಿಯತ್ತಲೇ ನೋಡುತ್ತ, ನಮ್ಮ ಮನೆಯ ಹೋಳಿಗೆ ಬೇರೆ, ಅವರ ಮನೆಯದು ಬೇರೆ ಎಂದಳು. ಏಳು ವರ್ಷ ಪರದೇಶದಲ್ಲಿದ್ದು ಬಂದ ನನ್ನ ಬಳಿ ಅದಕ್ಕೆ ಒಂದು ಒಳ್ಳೆಯ ಉತ್ತರ ಇರಬೇಕಿತ್ತು. ಸಾಬೂನು ಹಚ್ಚಿ ಕೈ ತೊಳೆದವನ ಬಾಯಲ್ಲಿ ಅದು ಎಲ್ಲಿಂದ ಬರಬೇಕು?

ಮುಂದೆ ನಾನು ಶಾಲೆಯ ಕೆಲಸ ಬಿಟ್ಟು ಯರಗಟ್ಟಿ, ಚಚಡಿ, ರಾಮದುರ್ಗದ ಕಡೆಯ ಕೇರಿಗಳಲ್ಲಿ ಹೆಂಗಸರ ಜೊತೆ ಕೂತು ಕೌದಿ ಹೊಲಿಯುತ್ತ ವರ್ಷಗಳನ್ನು ಕಳೆದೆ. ನಾನು ಕಲೆಯನ್ನು ಜನರ ಬಳಿಗೆ ಒಯ್ದೆ ಎಂದು ಕೆಲವರು ಭಾಷಣದಲ್ಲಿ ಹೇಳುತ್ತಾರೆ. ಆಗ ನನಗೆ ಎದ್ದು ಹೊರಗೆ ಹೋಗಬೇಕೆನಿಸುತ್ತದೆ. ಒಯ್ದದ್ದು ಕಲೆಯನ್ನಲ್ಲ, ಒಂದು ರೊಟ್ಟಿಯನ್ನು. ಅದೂ ಸೀದ ರೊಟ್ಟಿಯನ್ನು.

ಅವ್ವನೊಡನೆ ಆ ಮಾತಾದ ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಅಡುಗೆಮನೆಗೆ ಹೋದೆ. ಹೋಳಿಗೆ ನನ್ನ ಕೈಯಲ್ಲಿ ಆಗುವ ಕೆಲಸವಲ್ಲ, ಜೋಳದ ರೊಟ್ಟಿಯಾದರೂ ಆದೀತು ಎಂದು ಹಿಟ್ಟು ಹಿಡಿದೆ. ಪರದೇಶದಲ್ಲಿ ಅನ್ನ, ಬೇಳೆ ಬೇಯಿಸಿಕೊಂಡಿದ್ದೆನೇ ಹೊರತು ರೊಟ್ಟಿ ಬಡಿದವನಲ್ಲ. ಮೊದಲನೆಯದು ಎತ್ತುವಾಗಲೇ ಮೂರು ತುಂಡಾಯಿತು. ಎರಡನೆಯದು ಹಂಚಿಗೆ ಬೀಳುವ ಮೊದಲು ನನ್ನ ಮೊಣಕೈ ಮೇಲೆ ಬಿತ್ತು. ಅವ್ವ ಬಾಗಿಲಲ್ಲಿ ಕೂತು ನೋಡುತ್ತಿದ್ದಳು. ಕುದಿಯುವ ನೀರು ಹಾಕು, ಇನ್ನೂ ನಾದು, ಅಂಗೈಯಿಂದ ಬಡಿ, ಅದು ನಿನ್ನ ಚಿತ್ರವಲ್ಲ ಎಂದು ಅಲ್ಲಿಂದಲೇ ಹೇಳುತ್ತಿದ್ದಳು. ಎದ್ದು ಬಂದು ಕೈ ಹಚ್ಚಲಿಲ್ಲ. ಐದನೆಯದೋ ಆರನೆಯದೋ ರೊಟ್ಟಿ ಒಂದು ಕಡೆ ಸೀದು, ಇನ್ನೊಂದು ಕಡೆ ಹಸಿಬಿಸಿಯಾಗಿ, ಅಂತೂ ಒಂದೇ ತುಂಡಾಗಿ ಉಳಿಯಿತು. ಅದನ್ನು ಅರಿವೆಯಲ್ಲಿ ಕಟ್ಟಿ, ಕೌದಿಯನ್ನು ಬಗಲಿಗಿಟ್ಟುಕೊಂಡು ಹೊರಟಾಗ ಅವ್ವ ಡಬ್ಬಿಯಿಂದ ಬೆಲ್ಲದ ಹರಳು ತೆಗೆದು ನನ್ನ ಕೈಗೆ ಹಾಕಿದಳು.

"ಬರೀ ರೊಟ್ಟಿ ಇಡಬಾರದು," ಎಂದಳು. ನಾನು ಚಪ್ಪಲಿ ಮೆಟ್ಟುವಾಗ ಮತ್ತೆ ಕೂಗಿ ಹೇಳಿದಳು, ಬಂದ ಮೇಲೆ ಸ್ನಾನ ಮಾಡಿಯೇ ಒಳಗೆ ಬಾ ಎಂದು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಎರಡು ಮಾತುಗಳನ್ನು ಒಂದಕ್ಕೊಂದು ಹೊಂದಿಸಲು ನೋಡಿದೆ. ಹೊಂದಲಿಲ್ಲ. ಅತ್ತೆಯ ಹಸಿರು, ಸೊಸೆಯ ಕೆಂಪು. ಬಾಜೂಕ ಕೂತು ಜಗಳವಾಡುತ್ತ ಬಂದವು.

ಯರಗಟ್ಟಿಯಲ್ಲಿ ಈ ಸಲ ಆಕೆ ಒಳಗೆ ಬನ್ನಿ ಎಂದಳು. ಬುದ್ಧನ ಕ್ಯಾಲೆಂಡರಿನ ಕೆಳಗೆ ಚಾಪೆಯ ಮೇಲೆ ಕೂತೆ. ಕೌದಿಯನ್ನು ನಡುವೆ ಹಾಸಿ, ನಾನು ಗುರುತು ಸಿಗದ ಹಾಗೆ ಹೊಲಿದಿದ್ದೆನೆಂದು ಬೀಗಿದ ಹೊಲಿಗೆಯನ್ನು ಒಂದೇ ನೋಟಕ್ಕೆ ಹಿಡಿದು ಬಿಚ್ಚಿದಳು. ನನ್ನ ರೊಟ್ಟಿಯನ್ನು ತಿರುವಿ ಮುರುವಿ ನೋಡಿದಳು. ನಾದಿನಿ ನಗು ತಡೆಯಲಾರದೆ ಹೊರಗೆ ಹೋದಳು. ಆಕೆ ನಗಲಿಲ್ಲ. ರೊಟ್ಟಿಯನ್ನು ಎರಡು ಪಾಲು ಮಾಡಿ, ಒಂದನ್ನು ಮಗಳ ಕೈಗೆ ಕೊಟ್ಟಳು. ಮಗಳು ಅದರ ಮೇಲೆ ನಮ್ಮವ್ವ ಕೊಟ್ಟ ಬೆಲ್ಲವನ್ನು ಇಟ್ಟು, ಮಡಿಚಿ, ನನ್ನ ಕೈಗೆ ತುರುಕಿದಳು. ಆಗ ಮೊದಲ ಬಾರಿ ನನ್ನ ಮುಖ ನೋಡಿದಳು. ನಾನು ಅದನ್ನು ಕೌದಿಯ ಹೊಟ್ಟೆಯೊಳಗೆ ಇಟ್ಟೆ. ನಾಲ್ಕು ಬೆರಳಷ್ಟು ಹೊಲಿಗೆಯನ್ನು ನನ್ನಿಂದಲೇ ಹಾಕಿಸಿದರು, ಸೊಟ್ಟಗಿತ್ತು. ಈ ಸಲ ಅದನ್ನು ಯಾರೂ ಬಿಚ್ಚಿ ಮತ್ತೆ ಹಾಕಲಿಲ್ಲ.

ಉಳಿದರ್ಧ ರೊಟ್ಟಿಯನ್ನು ಆಕೆ ಗಂಗಾಳದಲ್ಲಿಟ್ಟು, ಒಲೆಯ ಮೇಲಿದ್ದ ಪುಂಡಿಪಲ್ಯವನ್ನು ಒಂದು ಸೌಟು ಹಾಕಿ ನನ್ನ ಮುಂದೆ ತಂದಿಟ್ಟಳು. ಬಾಗಿಲಲ್ಲಿ ಕೇರಿಯ ನಾಲ್ಕಾರು ಜನ ನಿಂತಿದ್ದರು. ನಾನು ಉಂಡೆ. ರೊಟ್ಟಿ ಕೆಟ್ಟದಾಗಿತ್ತು, ಪಲ್ಯ ಚೆನ್ನಾಗಿತ್ತು. ಗಂಗಾಳದಲ್ಲಿ ಒಂದು ಚೂರೂ ಉಳಿಸಲಿಲ್ಲ.

ಆಮೇಲೆ ಆಕೆ ತಂಬಿಗೆಯಲ್ಲಿ ನೀರು ತಂದು, ನನ್ನ ಕೈಮೇಲೆ ತಾನೇ ಸುರಿಯುತ್ತ ಹೇಳಿದಳು:

"ಈಗ ತೊಳಕೋರಿ, ಮಾಸ್ತರ."